ಪೆತೋಲಾ

ಕಾಲಿಗೆ ಹಲಗೆ ಕಟ್ಟಿಕೋ, ಅಂದಳು ಎರ್ಮಿದಾ
ಮೊದಲ ದಿನವೇ, ನನ್ನ ಹೆಸರು ಕೇಳುವ ಮುಂಚೆ.
ನಾನು ತೊಲ್ಮಿನ್ ಬೆಟ್ಟದವಳು,
ಸೋಚಾ ಹೊಳೆಯ ಕೊರೆವ ನೀರು ಕುಡಿದು ಬೆಳೆದವಳು,
ನೆಲಕ್ಕೆ ನೋವಾಗದಿರಲೆಂದು ಮೆಟ್ಟು ಹಾಕುವುದನ್ನು
ಎಲ್ಲೂ ಕಂಡಿರಲಿಲ್ಲ.

ನೆಲವಲ್ಲ, ಪೆತೋಲಾ, ಅಂದಳು.
ಬೊಗಸೆಯಾಳದ ಸಮುದ್ರದ ಅಡಿಗೆ
ಹಳೆಯ ಬೂಟಿನ ತೊಗಲಿನಂಥ ಒಂದು ಪದರ,
ಬೆರಳಗಲ ದಪ್ಪ:
ಪಾಚಿ, ಜಿಪ್ಸಂ, ಒಂಚೂರು ಜೇಡಿ.
ಅದರ ಕೆಳಗೆ ಕಪ್ಪು ಕೆಸರು. ಮೇಲೆ, ಆಗಸ್ಟಿನಲ್ಲಿ, ಉಪ್ಪು.
ನಡುವೆ ಇದು ಮಲಗಿರುವುದರಿಂದಲೇ
ಪಿರಾನಿನ ಉಪ್ಪು ಬೆಳ್ಳಗೆ.

ನಮ್ಮೂರಲ್ಲಿ ಪಾಚಿಯೆಂದರೆ ಜಾರಿ ಬೀಳುವ ಮಾತು.
ತೊಟ್ಟಿಯ ಅಂಚಿನದನ್ನು ಅಮ್ಮ
ಬೂದಿ ಹಾಕಿ ತಿಕ್ಕಿ ತೆಗೆಯುತ್ತಿದ್ದಳು.
ಇಲ್ಲಿ ಚಳಿಗಾಲವಿಡೀ ಅದಕ್ಕೆ ಬಾಣಂತನ:
ನೀರು ಹೊದಿಸುವುದು, ಕೊಳೆತದ್ದನ್ನು ಕೆರೆಯುವುದು,
ಉರುಳೆ ಎಳೆದು ತಟ್ಟಿ ಮಲಗಿಸುವುದು,
ಬೂರ್ಯಾ ಗಾಳಿ ಕಿವಿ ಕೊಯ್ಯುವಾಗಲೂ.

ಒಂದು ವಸಂತ, ಲ್ಯುಬ್ಲಿಯಾನಾದಿಂದ
ಸೂಕ್ಷ್ಮದರ್ಶಕ ಹೊತ್ತು ವೋದೊಪಿವೆತ್ಸ್ ಬಂದ.
ನಮ್ಮ ಭಾಷೆಯಲ್ಲಿ ಆ ಹೆಸರಿಗೆ ನೀರುಕುಡುಕ ಎಂದರ್ಥ.
ಎರ್ಮಿದಾ ಎರಡು ದಿನ ನಕ್ಕಳು.
ನೋಡಿ, ಅಂದ. ನೋಡಿದೆ:
ಒಂದೇ ಒರೆಯೊಳಗೆ ಹತ್ತಾರು ಹಸಿರೆಳೆ,
ಹುರಿ ಬಿಚ್ಚಿದ ಹಗ್ಗದ ತುದಿ,
ಒಂದರ ಮೈಯೊಂದು ಸವರುತ್ತ ಜಾರುತ್ತಿದ್ದವು.
ಹೊರಗೆ ಉಪ್ಪೇರಿದಷ್ಟೂ ಇವು
ಒಳಗೆ ಸಕ್ಕರೆ ಕೂಡಿಡುತ್ತವೆ, ಅಂದ,
ಇಷ್ಟಕ್ಕೆ ಇಷ್ಟು, ತಕ್ಕಡಿ ಹಿಡಿದಂತೆ,
ಇಲ್ಲವಾದರೆ ಮೈಯ ನೀರನ್ನೆಲ್ಲ ಹೊರಗಿನ ಉಪ್ಪು ಹೀರಿಬಿಡುತ್ತದೆ.

ಉಪ್ಪು ತಿಂದದ್ದು ನೀರು ಕುಡಿಯಲೇಬೇಕಲ್ಲ, ಕೇಳಿದೆ.
ತಿನ್ನುವುದಿಲ್ಲ, ಅಂದ. ಬಾಗಿಲಲ್ಲೇ ತಡೆಯುತ್ತದೆ,
ನುಸುಳಿ ಬಂದದ್ದನ್ನು ಹಿಡಿದು ಹೊರಗೆ ದಬ್ಬುತ್ತದೆ.

ಎರ್ಮಿದಾ ಮಸೂರಕ್ಕೆ ಕಣ್ಣಿಡಲಿಲ್ಲ.
ನನ್ನ ಅಂಗಾಲಿಗೆ ಗೊತ್ತು, ಅಂದಳು.

ಅವಳ ಅಣ್ಣಂದಿರು ಐವತ್ತನಾಲ್ಕರಲ್ಲಿ ದೋಣಿ ಹತ್ತಿ
ತ್ರಿಯೆಸ್ತೆಗೆ ಹೋದವರು,
ಕುರ್ಚಿ, ಗಡಿಯಾರ, ಅಜ್ಜಿಯ ಶಿಲುಬೆ ಸಮೇತ.
ಅಂಥವರ ಮನೆಗಳಿಗೆ ನಾವು ಬಂದೆವು,
ಬೆಟ್ಟದವರು, ಬೇರೆ ಮಾತಿನವರು.
ಯಾಕೆ ಉಳಿದೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.
ಮಧ್ಯಾಹ್ನ ರೊಟ್ಟಿಯ ಜೊತೆ
ಒಂದು ಒಣ ಅಂಜೂರ ಕೊಡುತ್ತಿದ್ದಳು.
ಬಿಸಿಲು ಹೆಚ್ಚಿದ ದಿನ, ಎರಡು.

ಆಮೇಲೆ ಆ ಆಗಸ್ಟಿನ ರಾತ್ರಿ.
ಕೊಲ್ಲಿಯ ಆಚೆಯಿಂದ ಗುಡುಗು,
ಮೂರು ತಾಸು ಬಿಡದ ಮಳೆ.
ಹದಿನೇಳು ಕಟ್ಟೆಯ ಉಪ್ಪು ಸದ್ದಿಲ್ಲದೆ ಕರಗಿತು.
ನಾನು ಅತ್ತೆ.
ಅವಳು ಲಾಂದ್ರ ಹಿಡಿದು ಬಗ್ಗಿ
ನೀರಿನಡಿಯ ಪಾಚಿ ತಡವುತ್ತಿದ್ದಳು.
ಅಳುವುದು ನಾಳೆ. ಉಪ್ಪು ಮತ್ತೆ ಬರುತ್ತದೆ.
ಇದು ಸಿಹಿನೀರು ಕುಡಿದು ಉಬ್ಬುತ್ತದೆ, ಒಡೆಯುತ್ತದೆ,
ತೂಬು ತೆಗೆ, ಮಳೆ ಹೋಗಲಿ,
ಕುಳಿಯಲ್ಲಿಟ್ಟ ಗಟ್ಟಿ ನೀರು ಬಿಡು, ಮೆಲ್ಲಗೆ, ಮೆಲ್ಲಗೆ,
ಮಗುವಿನ ತಲೆಗೆ ಹೊಯ್ದ ಹಾಗೆ.

ಬೆಳಗಾದಾಗ ಮಂಡಿಯೂರಿ ನೋಡಿದೆವು.
ನಾಲ್ಕು ಕಡೆ ಹರಿದಿತ್ತು, ಚಕ್ಕೆಗಳೆದ್ದು ತೇಲುತ್ತಿದ್ದವು.
ಉಳಿದ ಕಡೆ, ಬಿಸಿಲು ತಾಗಿದ್ದೇ,
ಸೂಜಿಮೊನೆಯಂಥ ಗುಳ್ಳೆಗಳು
ಒಂದು, ಇನ್ನೊಂದು, ಮೇಲೇಳತೊಡಗಿದವು.
ಎರ್ಮಿದಾ ಎಣಿಸುತ್ತಿದ್ದಳು, ತನ್ನ ಮಾತಿನಲ್ಲಿ.
ನಲವತ್ತರ ಮೇಲೆ ನಾನೂ ಸೇರಿಕೊಂಡೆ,
ಅದೇ ಮಾತಿನಲ್ಲಿ, ತಪ್ಪು ತಪ್ಪಾಗಿ.
ಐವತ್ತೇಳನ್ನು ಮಾತ್ರ ತಿದ್ದಿದಳು.