ಮುಖ ಬಾರದ ಪ್ರಾಣಿ

ಅಪ್ಪ ಬಿಟ್ಟುಹೋದದ್ದು
ಕಾಲಲ್ಲಿ ತುಳಿಯುವ ಯಂತ್ರ, ಒದ್ದೆ ಮರಳಿನ ಬೋಗುಣಿ,
ಹತ್ತಿಬಟ್ಟೆಯ ಚೂರಿನಲ್ಲಿ ಸುತ್ತಿದ
ಹೆಬ್ಬೆರಳ ಗಾತ್ರದ ಈ ಪ್ರಾಣಿ.

ಖೋತಾನಿನ ಹೊಳೆಗಲ್ಲು. ಕುರಿಕೊಬ್ಬಿನ ಬಿಳುಪು.
ಬೆನ್ನ ಮೇಲೊಂದು ತುಕ್ಕುಬಣ್ಣದ ಕಲೆ,
ಅದನ್ನು ಅಪ್ಪ ತೆಗೆದಿಲ್ಲ, ತುಪ್ಪಳ ಮಾಡಿದ್ದಾನೆ.
ಕಾಲು ಮಡಿಚಿ ಮಲಗಿದೆ. ಬಾಲವೂ ಮುಗಿದಿದೆ.
ಮುಖ ಮಾತ್ರ ಇನ್ನೂ ಕಲ್ಲು.

ಆಡು, ಅಂದಳು ಅಮ್ಮ. ನಾನು ಆಡಿನ ವರ್ಷದವಳು.
ಆಡಿಗೆ ಇಂಥ ಬಾಲವೇ, ನಾಯಿ ಇದು, ಅಂದ ಚಿಕ್ಕಪ್ಪ ದೆಗುಯಿ.
ಎದುರಂಗಡಿಯ ಫೂ ಮಾಸ್ತರು
ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ
ತರಕರಡಿ, ಅಂದರು. ಇದರ ಜೋಡಿ ಎಲ್ಲಿ?

ನಮ್ಮ ಮಾತಿನಲ್ಲಿ ತರಕರಡಿಗೂ ಸಂತೋಷಕ್ಕೂ
ಒಂದೇ ಉಚ್ಚಾರ.
ಮದುವೆಯ ಹೆಣ್ಣಿಗೆ ಎರಡು ಕೊಡುತ್ತಾರೆ.

ಅಮ್ಮ ಎದ್ದು ಚಹಾದ ನೀರಿಡಲು ಹೋದಳು.
ನಾನು ಕಿಟಕಿಯಾಚೆ ಕಾಲುವೆ ನೋಡಿದೆ;
ಎಲೆಕೋಸು ತುಂಬಿದ ದೋಣಿ, ಅದರ ಮೇಲೆ
ಕೊಡೆ ಬಿಚ್ಚಿಕೊಂಡು ನಿದ್ದೆ ಹೋದ ಅಂಬಿಗ.
ಆ ಚಳಿಗಾಲ, ಗಂಡಿನ ಕಡೆಯವರು ಪತ್ರ ಬರೆದ ಮೇಲೆ,
ಅಪ್ಪ ಯಂತ್ರ ತುಳಿದದ್ದು ನೆನಪಿಲ್ಲ.

ಜೇಡನ್ನು ಯಾರೂ ಕೆತ್ತುವುದಿಲ್ಲ.
ಉಳಿಗೆ ಅದು ಸೊಪ್ಪು ಹಾಕುವುದಿಲ್ಲ.
ತೇಯಬೇಕು: ಮರಳು, ನೀರು, ಮತ್ತೆ ಮರಳು,
ಊಟಕ್ಕೆ ಮೂರು ಸಲ ಕರೆದರೂ ಏಳದ ಒಬ್ಬ ಮನುಷ್ಯ.

ಚಿಕ್ಕಪ್ಪನ ಮಗ ಹೇಳಿದ:
ಕರೆಂಟಿನ ಬೈರಿಗೆಗೆ ಅರ್ಧ ಗಂಟೆಯ ಕೆಲಸ, ಅಕ್ಕಾ.
ಯಾವ ಮುಖ ಬೇಕು, ಅದನ್ನಷ್ಟೇ ಹೇಳು.

ಹೇಳಲಿಲ್ಲ.

ಇಪ್ಪತ್ತಾರು ವರ್ಷ. ಸುಜೌ ಪೇಟೆಯ ಕನ್ನಡಕದಂಗಡಿಯಲ್ಲಿ
ಕಂಡವರ ಕಣ್ಣಿಗೆಲ್ಲ ಗಾಜು ತೇಯುತ್ತೇನೆ.
ಗಿರಾಕಿಗಳು ಗೋಡೆಯ ಅಕ್ಷರ ಓದುತ್ತ
ಕೊನೆಯ ಸಾಲಿನಲ್ಲಿ ತಡವರಿಸುವಾಗ
ನನ್ನ ಕೈ ಜೇಬಿನಲ್ಲಿರುತ್ತದೆ,
ಹೆಬ್ಬೆರಳು ಆ ಮುಖ ಬಾರದ ಜಾಗದಲ್ಲಿ.
ಒಮ್ಮೊಮ್ಮೆ ಮೂತಿಯಂಥದ್ದೇನೋ ತಾಕುತ್ತದೆ.
ತೆಗೆದು ಬೆಳಕಿಗೆ ಹಿಡಿದರೆ, ಇಲ್ಲ.

ಬೆರಳಿಗೆ ಈ ಕಲ್ಲು ಸವೆಯುವುದಿಲ್ಲ, ಗೊತ್ತು.
ಅಪ್ಪನ ಮಗಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಮೊನ್ನೆ ಬ್ಯಾಂಕಿನಲ್ಲಿ, ಅಮ್ಮನ ಹಣ ನನ್ನ ಹೆಸರಿಗೆ ಬರುವಾಗ,
ಹೆಬ್ಬೆಟ್ಟು ಒತ್ತಿದೆ. ಯಂತ್ರ ಕೆಂಪಾಯಿತು.
ಒರೆಸಿ ಒತ್ತಿದೆ. ಕೆಂಪು.
ಗಾಜಿನಾಚೆಯ ಹುಡುಗಿ ನನ್ನ ಬೆರಳು ಹಿಡಿದು ತಿರುಗಿಸಿ ನೋಡಿ
ಗೆರೆಗಳೇ ಇಲ್ಲವಲ್ಲ ಆಂಟಿ, ಅಂದಳು,

ಇನ್ನೊಂದು ಕೈ ಕೊಡಿ.