ಒಂದೇ ಗುಂಡು

ಅಮ್ಮತ್ತಿಯ ಐರಿ ಬೆಳ್ಯಪ್ಪಣ್ಣ
ಸೀಸ ಕರಗಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ.
ಕಬ್ಬಿಣದ ಸೌಟಿನಲ್ಲಿ ಮೊದಲು ಬೂದು ಗಟ್ಟಿ,
ಆಮೇಲೆ ಅದರಲ್ಲೊಂದು ಕಣ್ಣು ಬಿಟ್ಟುಕೊಳ್ಳುತ್ತದೆ,
ಆಮೇಲೆ ಮುಖ ನೋಡಿಕೊಳ್ಳುವಷ್ಟು ಬೆಳಕು.
ಕೈಲ್‌ಪೊಳ್ದಿಗೆ ಇನ್ನು ಹನ್ನೆರಡು ದಿನ.
ತೆಂಗಿನಕಾಯಿಗೆ ಗುರಿಯಿಡುವವರು ಜಗಲಿಯಲ್ಲಿ
ಗುಂಡಿಗೆ ಕಾಯುತ್ತ ಕೂತಿದ್ದಾರೆ.
‘ವಾಸನೆಯಿಲ್ಲ, ಹೊಗೆಯಿಲ್ಲ, ಸಾಧು ಲೋಹ’ ಎನ್ನುತ್ತ
ತಿದಿ ಒತ್ತಿದ ಕೈಯಲ್ಲೇ
ಬೆಲ್ಲದ ಚೂರು ಬಾಯಿಗೆಸೆದುಕೊಳ್ಳುತ್ತಾನೆ.

ನಾನು ವಿರಾಜಪೇಟೆಯ ಲ್ಯಾಬಿನವಳು.
ಹೊಟ್ಟೆನೋವೆಂದು ಬಂದಿದ್ದ,
ಕಕ್ಕಡದ ಮದ್ದುಸೊಪ್ಪಿನ ಮೇಲೆ ತಪ್ಪು ಹೊರಿಸಿ.
ಒಸಡಿನ ಅಂಚಿಗೆ ಪೆನ್ಸಿಲಿನಲ್ಲಿ ಎಳೆದಂಥ ನೀಲಿ ಗೆರೆ.
ಒಂದು ಹನಿ ರಕ್ತ ಗಾಜಿಗೆ ಸವರಿ, ಬಣ್ಣ ಹಾಕಿ, ನೋಡಿದೆ:
ಕೆಂಪು ಕಣಗಳೊಳಗೆ ಚುಕ್ಕೆ, ಚುಕ್ಕೆ, ಚುಕ್ಕೆ.
ಓದಿಯಾದ ಮೇಲೂ ಹರಿದು ಹಾಕದ
ಹಳೆಯ ಓಲೆಗಳ ಚೂರು ಅವು.
ಹರಿಯುವ ಕತ್ತರಿಯ ಕೈಯನ್ನು
ಸೀಸ ಹಿಡಿದುಕೊಂಡಿದೆ.

ಕುಲುಮೆಯ ಮುಂದೆ ಮೂವತ್ತೊಂಬತ್ತು ವರ್ಷ.
ಅವನ ಮುಂಗೈಯ ಒಂದೇ ಒಂದು ಕೋಶವನ್ನು ಯೋಚಿಸುತ್ತೇನೆ.
ಒಳಗೆಲ್ಲ ಮಡಿಕೆಯ ಕೆಲಸ.
ಪ್ರೋಟೀನೆಂದರೆ ನೆರಿಗೆ, ಇನ್ನೇನಲ್ಲ;
ನಮ್ಮ ಹೆಂಗಸರು ಸೀರೆಯ ನೆರಿಗೆಯನ್ನು ಬೆನ್ನ ಹಿಂದೆ
ಕಣ್ಣಿಲ್ಲದೆ, ಬೆರಳ ನೆನಪಿನಲ್ಲೇ ಸೇರಿಸುವಂತೆ.
ನಾಲ್ಕೈದು ಡಿಗ್ರಿ ಏರಿದರೆ ಜಾರುತ್ತದೆ,
ಒಂದರ ಸೆರಗು ಇನ್ನೊಂದರ ಕಾಲಿಗೆ ತೊಡರಿ
ಎಲ್ಲ ಮುದ್ದೆ.
ಸೀಸಕ್ಕೆ ಬಿಸಿ ಬೇಕಿಲ್ಲ. ತಣ್ಣಗೆ ಬಂದು,
ಗಂಧಕ ಕೂತ ಜಾಗ ಹುಡುಕಿ
ಪಿನ್ನು ಕಿತ್ತುಬಿಡುತ್ತದೆ.

ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು,
ಸಾವಾದರೆ ಎರಡು.
ಕಣಿವೆಯಾಚೆಯವರು ಎಣಿಸಿಕೊಂಡು ಹೊರಡುತ್ತಾರೆ.
(ನಾನು ಹುಟ್ಟಿದ ದಿನ ಅಪ್ಪ
ಕೋವಿಗೆ ಎಣ್ಣೆ ಹಚ್ಚಿ ಗೋಡೆಗೆ ತೂಗಿದನಂತೆ.)
ಕೋಶಕ್ಕೆ ಆ ಎಣಿಕೆ ಇಲ್ಲ.
ಬೇಗೆಗೂ ಲೋಹಕ್ಕೂ ಒಂದೇ ಗುಂಡು.
ಕೇಳಿದ್ದೇ ತಡ, ದಿನದ ಕೆಲಸ ನಿಲ್ಲುತ್ತದೆ,
ಅರ್ಧ ಓದಿದ ಚೀಟಿಗಳನ್ನು ಹನಿಹನಿಯಾಗಿ ಗುಡ್ಡೆ ಹಾಕಿ
ಬದಿಗಿಡುತ್ತದೆ. ಎಸೆಯುವುದಿಲ್ಲ.
ನೆರಿಗೆ ಹಿಡಿಯುವವರು ಮಾತ್ರ ಓಡಿ ಬರುತ್ತಾರೆ,
ಹೆಸರಿಟ್ಟದ್ದು ಬೇಗೆಯ ಹೆಸರು,
ದುಡಿತ ಎಲ್ಲ ಸಂಕಟಕ್ಕೂ.
ಎತ್ತುತ್ತಾರೆ, ಬಿಡಿಸುತ್ತಾರೆ, ಮತ್ತೆ ಮಡಿಸುತ್ತಾರೆ,
ಸರಿಯಾಗದ್ದನ್ನು ಹರಿದು ಗೊಬ್ಬರಕ್ಕೆ ಹಾಕುತ್ತಾರೆ.
ಇನ್ನೊಂದಿದೆ, ತೀರಾ ಸಣ್ಣದು,
ಮೈಯೆಲ್ಲ ಗಂಧಕದ ಕೈ:
ನುಗ್ಗಿದ ಲೋಹವನ್ನು ತಬ್ಬಿ ಕೂತುಬಿಡುತ್ತದೆ,
ಗಂಡಸರಿಲ್ಲದ ರಾತ್ರಿ ಕಳ್ಳನನ್ನು ಹಿಡಿದ ಮನೆಯಾಕೆ
ಬೆಳಗಾಗುವವರೆಗೂ ಬಿಡದೆ ಕೂತಂತೆ.

ಒಮ್ಮೆ ಕಾದ ಕೋಶ ಎರಡನೆಯ ಬೇಗೆಯನ್ನು ತಾಳುತ್ತದೆ
ಎಂದು ಹೇಳಬಾರದಿತ್ತು ಅವನಿಗೆ.
‘ಹಾಗಾದರೆ ನಾನು ನೀರು ಕುಡಿದ ಕತ್ತಿ, ಹದ ಬಂದಿದೆ,’
ನೀಲಿ ಗೆರೆ ಕಾಣುವಷ್ಟು ನಕ್ಕ.
ಬೇಗೆ ಸಂಜೆಗೆ ಇಳಿಯುತ್ತದೆ ಅಣ್ಣಾ,
ಸೀಸ ಇಳಿಯುವುದಿಲ್ಲ. ಎಲುಬಿನಲ್ಲಿ
ಸುಣ್ಣದ ಮಣೆ ಎಳೆದುಕೊಂಡು ಕೂತರೆ
ಇಪ್ಪತ್ತು ವರ್ಷ ಏಳುವುದಿಲ್ಲ.

ಇದನ್ನೂ ಹೇಳಲಿಲ್ಲ: ಗಾಜಿನ ಮೇಲಿನ ಆ ಕೆಂಪು ಕಣಗಳಿಗೆ
ಒಳಗೆ ಕೇಂದ್ರವಿಲ್ಲ.
ಉಸಿರು ಹೊರಲೆಂದು ಎಲ್ಲವನ್ನೂ ಮಜ್ಜೆಯಲ್ಲೇ ಬಿಟ್ಟು ಬಂದವು.
ಕೋವಿ ಇಲ್ಲದ ಮನೆಗಳು.
ಅಲ್ಲಿ ಏನೇ ನಡೆದರೂ
ಕಣಿವೆಯಾಚೆ ಯಾರಿಗೂ ಕೇಳಿಸುವುದಿಲ್ಲ.

ರಿಪೋರ್ಟು ಕೊಡಲು ನಾನೇ ಹೋದೆ.
ಬೇಲಿಯಲ್ಲಿ ತೋಕ್‌ಪೂವು ಅರಳಿತ್ತು, ಕೆಂಪಿಗೆ ಹಳದಿ,
ನಾಳೆಯೋ ನಾಡಿದ್ದೋ ನಳಿಗೆಗಳ ಬಾಯಿಗೆ.
ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದ,
ಅದರಲ್ಲೇ ಹತ್ತು ಗುಂಡು ಸುತ್ತಿ
ಜಗಲಿಯವನ ಕೈಗಿಟ್ಟ.
ಬೆಲ್ಲದ ಡಬ್ಬಿಗೆ ಹೋದ ಕೈ
ಅರ್ಧದಲ್ಲಿ ನಿಂತಿತು.
ನನ್ನತ್ತ ನೋಡದೆ
ಹಿತ್ತಲ ನಲ್ಲಿಯವರೆಗೆ ಹೋದ,
ಸೋಪು ಎಲ್ಲಿ ಎಂದು ಒಳಗೆ ಕೂಗಿದ.
ನೀರು ತುಂಬ ಹೊತ್ತು
ಬೂದು ಬಣ್ಣದಲ್ಲೇ ಹರಿಯಿತು.