ಗುರುವಾರದ ಮುಯ್ಯಿ

ಟಿಮಾರು ಊರು, ರಗ್ಬಿ ಕ್ಲಬ್ಬಿನ ಹಿಂದಿನ ಕೋಣೆ,
ಗುರುವಾರ ಬೆಳಿಗ್ಗೆ ಆರೂ ಮುಕ್ಕಾಲು.
ಬಂದರಿನ ಕ್ರೇನುಗಳ ದೀಪ ಇನ್ನೂ ಆರಿಲ್ಲ.
ತೆಂಕಣ ಗಾಳಿ ಕಿಟಕಿಗೆ
ಮಳೆಯೂ ಅಲ್ಲದ ಹಿಮವೂ ಅಲ್ಲದ ಏನನ್ನೋ ಎರಚುತ್ತಿದೆ.

ಹೊತ್ತು ಕಾಯುವ ಕೆಲಸ ನನ್ನದು.
ಮೊಟ್ಟೆ ಬೇಯಿಸುವಾಗ ತಿರುಗಿಸಿಡುತ್ತಾರಲ್ಲ,
ಟೊಮೆಟೊ ಆಕಾರದ್ದು, ಅದು ನನ್ನ ಗಡಿಯಾರ.
ತಲೆಗೆ ಅರವತ್ತು ಸೆಕೆಂಡು.
ಟ್ರಿಣ್ ಎಂದರೆ ಉಳಿದ ಮಾತನ್ನು
ಚೀಸ್ ರೋಲಿನ ಜೊತೆ ನುಂಗಿ ಕೂರಬೇಕು.

ಒಂದು ಕಸುಬಿಗೆ ಒಂದೇ ಕುರ್ಚಿ.
ಟೈರಿಗೆ ಫೋಲಾವು, ಚರಂಡಿಗೆ ತಾಮತಿ,
ಪಿಯಾನೋ ಶ್ರುತಿಗೆ ಲೋರ್ನಾ ಹ್ಯಾಸ್ವೆಲ್, ಬೀಗಕ್ಕೆ ನಾನು.
ಎರಡನೆಯ ಬೀಗದವ ಬಂದರೆ
ಕಾಫಿ ಕೊಟ್ಟು, ಗಾಳಿಯ ಬಗ್ಗೆ ಎರಡು ಮಾತಾಡಿ
ಬಾಗಿಲವರೆಗೆ ಬಿಟ್ಟುಬರುತ್ತೇವೆ.
ಶವಪೆಟ್ಟಿಗೆಯ ಡೆಸ್ಮಂಡ್ ಕ್ರೇಗೆ ಅರವತ್ತು ಎಂದೂ ಬೇಕಾಗಿಲ್ಲ.
ಎದ್ದು ನಿಲ್ಲುತ್ತಾನೆ, ಟೈ ಸರಿಮಾಡಿಕೊಳ್ಳುತ್ತಾನೆ:
"ನಾನು ಯಾರೆಂದು ನಿಮಗೆ ಗೊತ್ತು. ಅವಸರವಿಲ್ಲ."

ಆಮೇಲೆ ಹಳದಿ ಚೀಟಿಗಳು.
ನಿನ್ನ ಅತ್ತಿಗೆಯ ಸೂರು ಸೋರುತ್ತದೋ,
ಪಕ್ಕದ ಮನೆಯವನ ಕೀಲಿ ಮುರಿದಿದೆಯೋ,
ಹೆಸರು ಬರೆ, ನಂಬರು ಬರೆ, ಮೇಜಿನಾಚೆ ದಾಟಿಸು.
ನಂಬರಿಲ್ಲದ ಚೀಟಿ ಬರೀ ಬಾಯುಪಚಾರ.
ಗೋಡೆಯ ಬ್ಯಾನರು ಏನೋ ದೊಡ್ಡ ಮಾತು ಹೇಳುತ್ತದೆ,
ನಾವ್ಯಾರೂ ಅದನ್ನು ಓದುವುದಿಲ್ಲ.
ಧರ್ಮವಲ್ಲ ಇದು, ಸಾಲವೂ ಅಲ್ಲ,
ಮುಯ್ಯಿ.

ಮೂರು ಸಲ ತಪ್ಪಿಸಿಕೊಂಡರೆ ಕುರ್ಚಿ ಖಾಲಿ.
ಬದಲಿಗೆ ಯಾರನ್ನಾದರೂ ಕಳಿಸಬಹುದು.
ವೈರಿಂಗಿನ ನೆವಿಲ್ ಸ್ಟ್ರಾಂಗ್ ಎರಡು ಸಲ ಬಂದಿಲ್ಲ.
ಇವತ್ತು ಬಾಗಿಲ ಬಳಿ ಹೊಸ ವ್ಯಾನಿನ ಹುಡುಗನೊಬ್ಬ,
ಕೋಟಿನ ಜೇಬಿನಲ್ಲಿ ಕಾರ್ಡುಗಳ ಕಟ್ಟು.
ಒಳ್ಳೆಯವನೇ. ಅವನೂ ಕಂತು ಕಟ್ಟಬೇಕು.
ಲೆಕ್ಕದ ಬ್ರಾನ್ವಿನ್ ಪೆನ್ನಿನ ಮುಚ್ಚಳ ತೆಗೆದಳು,
ಹಾಜರಿ ಪುಸ್ತಕ ತನ್ನತ್ತ ಎಳೆದುಕೊಂಡಳು.

ಆಗ ಬಂದವಳು ಐಲ್ಸಾ, ನೆವಿಲ್‌ನ ಹೆಂಡತಿ.
ಆಸ್ಪತ್ರೆಯ ಪಾರ್ಕಿಂಗ್ ಚೀಟಿ ತೋಳಿಗೆ ಅಂಟಿಕೊಂಡೇ ಇತ್ತು.
ಅವನು ಬರೆದುಕೊಟ್ಟ ಹಾಳೆ ಬಿಡಿಸಿ
"ನಮಸ್ಕಾರ, ನಾನು ನೆವಿಲ್" ಎಂದು ಓದಿ
ನಿಂತುಬಿಟ್ಟಳು.
ಟೊಮೆಟೊ ಮಾತ್ರ ಟಿಕ್ ಟಿಕ್ ಎನ್ನುತ್ತಿತ್ತು.
ನಾನು ಅದರ ತೊಟ್ಟನ್ನು ಹೆಬ್ಬೆರಳಿಂದ ಒತ್ತಿ ಹಿಡಿದೆ,
ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಹಾಳೆ ಮಡಚಿ ಕೈಚೀಲಕ್ಕೆ ಕೈಹಾಕಿದಳು.
ಔಷಧದ ರಸೀದಿ, ಆಸ್ಪತ್ರೆಯ ಊಟದ ಕಾರ್ಡು,
ಅವುಗಳ ಬೆನ್ನ ಮೇಲೆ ಪೆನ್ಸಿಲ್ ಅಕ್ಷರ:
ನಾಲ್ಕನೇ ಹಾಸಿಗೆಯ ಕುರಿ ಸಾಕುವವ, ಟ್ರೇಲರಿಗೆ ಎರಡು ಟೈರು.
ರಾತ್ರಿ ಪಾಳಿಯ ನರ್ಸಿನ ತಾಯಿ, ಪಿಯಾನೋ, ಆರು ವರ್ಷದಿಂದ ಮುಟ್ಟಿಲ್ಲ.
ಎಕ್ಸ್‌ರೇಯವನ ಹಿತ್ತಿಲ ಚರಂಡಿ.
ನನಗೆ ವಾರ್ಡಿನ ಔಷಧ ಕಪಾಟು, ಬೀಗ ಸಿಕ್ಕಿಕೊಳ್ಳುತ್ತದಂತೆ.
ಒಟ್ಟು ಒಂಬತ್ತು. ಎಲ್ಲಕ್ಕೂ ನಂಬರು.

"ಸುಮ್ಮನೆ ಕೂತಿರ್ತೀಯಲ್ಲ, ಕೇಳು ಅಂದ.
ಕಾಯೋ ಜನ ಇನ್ನೇನು ಹೇಳ್ತಾರೆ?
ಮನೇಲಿ ಕೆಟ್ಟಿರೋದನ್ನೇ ಹೇಳ್ತಾರೆ.
ಒಳಗಿರೋರ ಸುದ್ದಿ ಎತ್ತೋದಿಲ್ಲ."

ಚೀಟಿಗಳು ಕೈಯಿಂದ ಕೈಗೆ ಹೋದವು.
ಡೆಸ್ಮಂಡ್ ತಟ್ಟೆಯನ್ನೇ ನೋಡುತ್ತಿದ್ದ.
"ನಿಮಗೆ ಇವತ್ತು ಏನೂ ತಂದಿಲ್ಲ, ಡೆಸ್ಮಂಡ್."
"ಅವಸರವಿಲ್ಲ" ಎಂದ,
ದನಿ ಯಾಕೋ ಅವನದಾಗಿರಲಿಲ್ಲ.

ನೆವಿಲ್ ಹೆಸರಿಗೆ ನಾಲ್ಕು ಚೀಟಿ ಬಂದಿದ್ದವು.
ಎರಡನ್ನು ಇಟ್ಟುಕೊಂಡಳು. ಹೋಗುವಾಗ
ಎರಡನ್ನು ಬಾಗಿಲ ಬಳಿಯ ಹುಡುಗನ ಕೈಗಿಟ್ಟು
"ಪಾರ್ಕ್ ಬೀದಿಯ ಮನೇಲಿ ನಾಯಿ ಇದೆ, ಹುಷಾರು" ಎಂದಳು.
ಇದು ಯಾವ ಕಟ್ಟಳೆಯಲ್ಲೂ ಇಲ್ಲ.
ಬ್ರಾನ್ವಿನ್ ಏನು ಬರೆದಳೋ, ನಾನು ಇಣುಕಲಿಲ್ಲ.

ಟೊಮೆಟೊ ನನ್ನ ಜೇಬಿನಲ್ಲಿತ್ತು, ಕೀಲಿಗೊಂಚಲಿನ ನಡುವೆ.
ಕ್ಯಾರೊಲಿನ್ ಬೇ ತಿರುವಿನಲ್ಲಿ ಗೊಂಚಲು ಅತ್ತಿತ್ತ ಸರಿದು
ಅವಳ ಉಳಿದ ಸೆಕೆಂಡುಗಳು ಓಡತೊಡಗಿದವು.
ಕಾರು ಬದಿಗೆ ಹಾಕಿ
ಟ್ರಿಣ್ ಅನ್ನುವವರೆಗೆ ಕೂತಿದ್ದೆ.